ಹಸಿರು ಬಣ್ಣದ ಮೂರು ಪದರ

ಕಳೆದ ವಾರ ಸೇಲಂನ ಒಂದು ವರ್ಕ್‌ಶಾಪಿನಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಗಾಡಿಯ ಗೇರ್ ಆಯಿಲನ್ನು ಬಾಂಡಲಿಗೆ ಇಳಿಸಿದರು. ಸುಟ್ಟ ಗಂಧಕದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಪಿರೆಡ್ಡಿಪಟ್ಟಿಯ ಗಾಡಿ ರಿಪೇರಿ ಮೇಸ್ತ್ರಿ ನೆನಪಾದ. ಹುಣಸೆಮರ, ತಗಡಿನ ಚಪ್ಪರ, ಗಾಡಿಯಡಿಯಿಂದ ಹೊರಚಾಚಿದ ಎರಡು ಕಾಲು...

ಆಗ ನನ್ನ ಅಕ್ಕನ ಮೂತ್ರಪಿಂಡ ಕೆಟ್ಟಿತ್ತು. ಮಂಗಳವಾರ, ಶುಕ್ರವಾರ ತಪ್ಪದೆ ಸೇಲಂ ಆಸ್ಪತ್ರೆಗೆ ರಕ್ತ ಶುದ್ಧಿಗೆ ಕರೆದೊಯ್ಯಬೇಕು. ನಮ್ಮೂರಿನಿಂದ ಹಳ್ಳ ದಾಟಿ ಬಸ್ಸಿನ ರಸ್ತೆ ಸೇರುವುದು ಆಕೆಯಿಂದಾಗದು. ನನ್ನ ಹಳೆಯ ಜೀಪೊಂದೇ ಗತಿ. ಅದರ ಟ್ರಾನ್ಸ್‌ಫರ್ ಕೇಸ್, ಎಂದರೆ ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ, ಆಯಿಲ್ ಸೋರತೊಡಗಿತು. ಆಯಿಲ್ ಮುಗಿದರೆ ಪೆಟ್ಟಿಗೆಯ ಗೇರುಗಳು ಹಿಡಿದುಕೊಂಡು ಗಾಡಿ ನಿಂತಲ್ಲೇ ನಿಲ್ಲುತ್ತದೆ. ಮಂಜವಾಡಿ ಘಾಟಿನ ತಿರುವುಗಳಲ್ಲಿ ನಿಲ್ಲಿಸಿ ನಿಲ್ಲಿಸಿ, ಕೆಳಗೆ ಬಗ್ಗಿ ನೋಡುತ್ತಿದ್ದೆ. ಅಕ್ಕ ಒಳಗೆ ಕಣ್ಣು ಮುಚ್ಚಿಕೊಂಡು ಕುಳಿತಿರುತ್ತಿದ್ದಳು. ಹೊರಡದೆ ಇರುವಂತಿಲ್ಲ, ಹೊರಟರೆ ತಲುಪುವ ನಂಬಿಕೆಯಿಲ್ಲ. ಹಿಂದೆ ಬಂಡೆ, ಮುಂದೆ ಕಂದಕ ಎಂಬಂಥ ವಾರಗಳು ಅವು.

ಮೇಸ್ತ್ರಿ ಪೆಟ್ಟಿಗೆಯ ಹಿಂಬದಿಯ ಸೀಲು, ಎಂದರೆ ಆಯಿಲ್ ತಡೆಯುವ ರಬ್ಬರ್ ಬಳೆ, ಬದಲಿಸಿದ. ಸೋರಿತು. ಮತ್ತೆ ಬದಲಿಸಿದ. ಮತ್ತೂ ಸೋರಿತು. ಪ್ರತಿ ಸಲವೂ ಒಂದೇ ಮಾತು ಹೇಳಿದ.

"ಅಯ್ಯಾ, ಮದ್ವೆ ಗಂಡಿನಂಗೆ ತೊಳ್ದು ತರಬ್ಯಾಡಿ. ಎಲ್ಲೆಲ್ಲಿ ನೆಂದೈತೆ ಅಂತ ನಂಗೆ ಕಾಣ್ಬೇಕಲ್ಲಾ."

ನಾನು ಕೇಳಲಿಲ್ಲ. ಕೊಳಕು ಗಾಡಿಯನ್ನು ಇನ್ನೊಬ್ಬರ ಮುಂದೆ ನಿಲ್ಲಿಸುವುದು ನನ್ನ ಜಾಯಮಾನವಲ್ಲ. ಹಿಂದಿನ ಸಂಜೆಯೇ ಸೀಮೆಎಣ್ಣೆ, ಬ್ರಷ್ಷು ಹಿಡಿದು ಅಡಿಭಾಗವನ್ನೆಲ್ಲ ಉಜ್ಜಿ ಒಯ್ಯುತ್ತಿದ್ದೆ.

ಮೂರನೆಯ ಸೀಲೂ ಸೋರಿದಾಗ ತಾಳ್ಮೆ ತಪ್ಪಿತು. ಪಕ್ಕದ ಟೀ ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಎಲ್ಲರಿಗೂ ಕೇಳುವ ಹಾಗೆ, "ನಿನ್ನ ಕೈ ಓಯ್ತು ಕಣಪ್ಪ, ಇನ್ನು ಸೈಕಲ್ ರಿಪೇರಿ ನೋಡ್ಕೋ" ಎಂದೆ. ಯಾರೋ ನಕ್ಕರು. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ...

ಮರುವಾರ ಆಸ್ಪತ್ರೆಯಿಂದ ಮರಳುವಾಗ ಪಾಪಿರೆಡ್ಡಿಪಟ್ಟಿಯ ಹತ್ತಿರವೇ ಪೆಟ್ಟಿಗೆ ಕಿರುಗುಟ್ಟಿತು. ತೊಳೆಯಲು ಸಮಯವಿರಲಿಲ್ಲ, ಹೋಗಲು ಬೇರೆ ಜಾಗವೂ ಇರಲಿಲ್ಲ. ಮೇಸ್ತ್ರಿ ಮೊದಲು ಅಕ್ಕನಿಗೆ ಕುರ್ಚಿ ಹಾಕಿದ. ಆಮೇಲೆ ಗಾಡಿಯಡಿ ಸರಿದ. ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದ. ಧೂಳಿನ ಮೇಲೆ ಆಯಿಲಿನ ಜಾಡು ಸ್ಪಷ್ಟವಾಗಿತ್ತು. ಹಿಂದಿನ ಸೀಲಷ್ಟೇ ಅಲ್ಲ, ಮುಂದಿನದೂ ನೆಂದಿತ್ತು.

"ಎರಡೂ ಒಟ್ಗೆ ಸೋರಿದ್ರೆ ಸೀಲಿನ ತಪ್ಪಲ್ಲ ಅಯ್ಯಾ. ಒಳ್ಗಡೆ ಪ್ರೆಷರ್ ಐತೆ."

ಆಯಿಲ್ ತುಂಬುವ ಬಿರಡೆಯನ್ನು ಮೆಲ್ಲನೆ ಸಡಿಲಿಸಿದ. ಬುಸ್ಸೆಂದು ಗಾಳಿ ಹೊರಬಿತ್ತು. ಪೆಟ್ಟಿಗೆ ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗಲು ನೆತ್ತಿಯಲ್ಲೊಂದು ಸಣ್ಣ ತೂತಿರುತ್ತದೆ. ನಮ್ಮ ಗಾಡಿಯಲ್ಲಿ ಅದು ಮುಚ್ಚಿಹೋಗಿತ್ತು. ಮೇಸ್ತ್ರಿ ಮೊಳೆಯಿಂದ ಕೆರೆದ. ಹಸಿರು ಬಣ್ಣ ಎದ್ದಿತು, ಅದರಡಿ ಹಸಿರು, ಅದರಡಿಯೂ ಹಸಿರು.

ಪ್ರತಿ ಆಯುಧಪೂಜೆಗೆ ಮುನ್ನ ಜೀಪಿನ ಮೈಗಷ್ಟೇ ಅಲ್ಲ, ಹೊಟ್ಟೆಗೂ ಬಣ್ಣ ಬಳಿಯುವುದು ನನ್ನ ನೇಮ. ಕುಂಕುಮ ಇಡುವ ವಸ್ತು ಎಲ್ಲ ಕಡೆಯೂ ಶುಭ್ರವಾಗಿರಬೇಕು ಎಂದು. ಮೂರು ವರ್ಷ, ಮೂರು ಪದರ.

"ಯಾರು ಬಳ್ದಿದ್ದು?" ಎಂದು ಕೇಳಿದ.

"ಪೇಂಟರ್" ಎಂದೆ.

ಆತ ನನ್ನ ಕೈಯನ್ನೊಮ್ಮೆ ನೋಡಿದ. ಹಬ್ಬ ಕಳೆದು ಬಹಳ ದಿನವಾಗಿರಲಿಲ್ಲ, ಉಗುರಂಚಿನಲ್ಲಿ ಹಸಿರು ಇನ್ನೂ ಉಳಿದಿತ್ತು. "ಅವನ್ಗೇಳಿ, ಉಸ್ರಾಡೋಕೆ ಜಾಗ ಬಿಡ್ಲಿ" ಎಂದಷ್ಟೇ ಹೇಳಿ, ಹೊಸ ಸೀಲುಗಳನ್ನು ಹುಡುಕಲು ಒಳಗೆ ಹೋದ.

ಆಮೇಲೆ ಒಂದು ತೊಟ್ಟೂ ಸೋರಲಿಲ್ಲ. ಅಕ್ಕ ಇದ್ದಷ್ಟು ದಿನವೂ ಒಂದು ಸರದಿಯೂ ತಪ್ಪಲಿಲ್ಲ. ನಾನು ಮಾತ್ರ ಬಾಯಿ ಬಿಡಲಿಲ್ಲ. ಜನರೆದುರು ಅಂದದ್ದನ್ನು ಜನರೆದುರೇ ಹಿಂದೆ ತೆಗೆದುಕೊಳ್ಳಬೇಕು ಎಂದು ಗೊತ್ತಿತ್ತು. ಜನ ಇದ್ದಾಗ ನಾಲಿಗೆ ಏಳಲಿಲ್ಲ. ಇಲ್ಲದಾಗ, ಈಗ ಹೇಳಿ ಏನು ಪ್ರಯೋಜನ ಎನಿಸಿತು... ಟೀ ಅಂಗಡಿಯವರು ಎಷ್ಟೋ ದಿನ ಆತನನ್ನು "ಸೈಕಲ್ ಮೇಸ್ತ್ರಿ" ಎಂದೇ ಕರೆದರು. ಒಂದು ದಿನ ಹೋದಾಗ ಚಪ್ಪರ ಇರಲಿಲ್ಲ. ಎದೆನೋವು ಬಂದು ಹೋಗಿಬಿಟ್ಟ ಎಂದರು.

ಕಳೆದ ವಾರ ಸೇಲಂನಲ್ಲಿ ನನ್ನ ಸರದಿ ಬಂತು. ನಡುವಯಸ್ಸಿನ ಮೆಕ್ಯಾನಿಕ್ ನನ್ನ ಅದೇ ಹಳೆಯ ಜೀಪಿನ ಪೆಟ್ಟಿಗೆಯ ತೂತನ್ನು ನೋಡಿ, ಇದರ ಸುತ್ತ ಯಾರೋ ಕೆರೆದಿದ್ದಾರಲ್ಲ ಎಂದ. ನಾನು ಎದ್ದು ನಿಂತು, ಅಲ್ಲಿದ್ದ ನಾಲ್ಕು ಜನಕ್ಕೂ ಕೇಳುವಂತೆ, ಅದನ್ನು ಬಣ್ಣ ಬಳಿದು ಮುಚ್ಚಿದವನು ನಾನೇ, ಬೈಸಿಕೊಂಡವನು ಇನ್ನೊಬ್ಬ ಎಂದು ಎಲ್ಲವನ್ನೂ ಹೇಳಿದೆ.

ಆತ ಸ್ಪ್ಯಾನರಿನಿಂದ ಕಣ್ಣೆತ್ತದೆ, ತಮಿಳಿನಲ್ಲಿ "ಪರವಾಯಿಲ್ಲೆ ಸಾರ್" ಎಂದ.

ಅದನ್ನು ಹೇಳಬೇಕಾದವನು ಆತನಲ್ಲ.