ಲೋಕಲ್ ಗಾಡಿಯಲ್ಲಿ ಪೂಜೆಗೆ ಕೂತ ರಿವಾಲ್ವರ್

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನೂರಾ ಹನ್ನೆರಡು ಮನೆಗಳಿವೆ. ಅಷ್ಟರಲ್ಲಿ ಅತಿ ಪುಕ್ಕಲು ಯಾರು ಎಂದು ಕೇಳಿದ್ದರೆ, ಯೋಚಿಸದೆ ಎದುರುಮನೆಯ ಸುಂದರಕ್ಕನ ಹೆಸರು ಹೇಳುತ್ತಿದ್ದೆ. ಕುಕ್ಕರ್ ಕೂಗುವ ಹೊತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುವ ಹೆಂಗಸು ಅವರು. ಲಿಫ್ಟಿನಲ್ಲಿ ಒಬ್ಬರೇ ಹತ್ತುವುದಿಲ್ಲ. ಕಾರ್ಕಳದ ಕಡೆಯವರು. ಹೋಟೆಲು ನಡೆಸುತ್ತಿದ್ದ ಗಂಡ ತಾರಾನಾಥರು ತೀರಿಕೊಂಡ ಮೇಲೆ ಫೋರ್ಟಿನ ಆಫೀಸೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ದುಡಿದು ಮಗ ಮಯೂರನನ್ನು ಓದಿಸಿದವರು. ನಾನು ನಳಿನಿ, ಮೈಸೂರಿನವಳು, ಬ್ಯಾಂಕಿನಲ್ಲಿದ್ದೇನೆ, ಬಾಯಿ ಸ್ವಲ್ಪ ಜಾಸ್ತಿ. ಹದಿನಾಲ್ಕು ವರ್ಷ ನಾವಿಬ್ಬರೂ ಬೆಳಗಿನ ಒಂದೇ ಲೋಕಲಿನ ಒಂದೇ ಲೇಡೀಸ್ ಡಬ್ಬಾದಲ್ಲಿ ಹೋಗಿಬಂದವರು.

ಅಂಥವರು ಒಂದು ಭಾನುವಾರ ನನ್ನನ್ನು ಒಳಗೆ ಕರೆದು, ಬಾಗಿಲು ಹಾಕಿ, ಕಪಾಟಿನಿಂದ ಕೆಂಪು ಮಖಮಲ್ಲಿನ ಪೆಟ್ಟಿಗೆ ತೆಗೆದರು. ಮಯೂರನಿಗೆ ಹೆಣ್ಣು ಗೊತ್ತಾಗಿ ಒಡವೆ ತಂದಿದ್ದಾರೆ ಅಂದುಕೊಂಡೆ. ಅವಲಕ್ಕಿ ಸರ ಇರಬೇಕಾದ ಜಾಗದಲ್ಲಿ ಬೆಳ್ಳಿ ಬಣ್ಣದ ಪುಟ್ಟ ರಿವಾಲ್ವರ್ ಮಲಗಿತ್ತು.

"ಹೆಂಗಸರಿಗೇಂತ ಮಾಡಿದ್ದು ಮಾರಾಯ್ತಿ. ಪೇಪರಿನಲ್ಲಿ ಬಂದಿತ್ತು. ಒಂದು ತೆಂಗಿನಕಾಯಿಯಷ್ಟೇ ಭಾರ, ಪರ್ಸಿನಲ್ಲಿ ಹಿಡಿಸ್ತದೆ" ಅಂದರು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುವುದನ್ನು ಕೇಳಿದ್ದೆ. ಗುಬ್ಬಿಯ ಕೈಯಲ್ಲೇ ಬ್ರಹ್ಮಾಸ್ತ್ರ ನೋಡಿದ್ದು ಅದೇ ಮೊದಲು. ಜೋರಾಗಿ ನಕ್ಕೆ. ಆಮೇಲೆ ಅವರು ಕಾರಣ ಹೇಳಿದರು, ನಗು ಅಲ್ಲಿಗೇ ನಿಂತಿತು.

ಹಿಂದಿನ ವರ್ಷ ವಿಠ್ಠಲವಾಡಿ ಸ್ಟೇಷನ್ನಿನ ಸೇತುವೆಯ ಮೇಲೆ, ಹಾಡಹಗಲು, ಒಬ್ಬ ಹಿಂದಿನಿಂದ ಬಂದು ಸೊಪ್ಪು ಮಾರುವ ಚಂದ್ರಬಾಯಿಯ ಕೊರಳ ಸರಕ್ಕೆ ಕೈಹಾಕಿದ್ದ. ಅವಳು ಬಿಡಲಿಲ್ಲ. ಚಾಕುವಿನಿಂದ ಕೈ ಕೊಯ್ದು ಓಡಿದ. ಅವಳ ಬಲಗೈಯ ಮೂರು ಬೆರಳು ಆಮೇಲೆ ಮಡಚಲೇ ಇಲ್ಲ. ಸೇತುವೆಯ ಮೇಲೆ ಇಪ್ಪತ್ತು ಜನರಾದರೂ ಇದ್ದರು. ಪೊಲೀಸರು ಬರುವ ಹೊತ್ತಿಗೆ ಉಳಿದವರು ಸುಂದರಕ್ಕ ಒಬ್ಬರೇ. ಧೈರ್ಯದಿಂದ ನಿಂತದ್ದಲ್ಲ, ಕಾಲು ನಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಮುಖ ನೋಡಿದಿರಾ ಎಂದು ಕೇಳಿದಾಗ ನೋಡಿದೆ ಅಂದರು. ಮುಂದೆ ಸಾಲಾಗಿ ನಿಲ್ಲಿಸಿದ ಎಂಟು ಜನರಲ್ಲಿ ಅವನನ್ನೇ ತೋರಿಸಿದರು. ಚಂದ್ರಬಾಯಿ ಮುಖ ಕಂಡಿರಲಿಲ್ಲವಾದ್ದರಿಂದ ಕೇಸು ನಿಂತದ್ದು ಇವರೊಬ್ಬರ ಮಾತಿನ ಮೇಲೆ.

ಅವನು ಜಾಮೀನಿನ ಮೇಲೆ ಹೊರಬಂದ. ಅವನ ಅಣ್ಣ ಮನೆಗೇ ಬಂದು, ಚಪ್ಪಲಿ ಬಿಚ್ಚಿಟ್ಟು, ಸೋಫಾದ ಮೇಲೆ ಕೂತು, ಮರ್ಯಾದೆಯಿಂದಲೇ ಹೇಳಿದನಂತೆ: "ಮೌಸೀ, ನಿಮ್ಮ ಮಗ ಯಾವ ಗಾಡಿಗೆ ಬರ್ತಾನೆ, ಯಾವ ಗೇಟಿನಿಂದ ಇಳೀತಾನೆ, ನಮಗೆ ಗೊತ್ತು."

ಅದರ ಮರುವಾರವೇ ಸುಂದರಕ್ಕ ಲೈಸೆನ್ಸಿಗೆ ಅರ್ಜಿ ಹಾಕಿದ್ದರು. ಮಗನಿಗೆ ಬಿಟ್ಟು ಯಾರಿಗೂ ಹೇಳದೆ ಠಾಣೆ ಪಟ್ಟಣದ ಪೊಲೀಸ್ ಕಮಿಷನರ್ ಆಫೀಸಿಗೆ ಏಳು ಸಲ ಅಲೆದಿದ್ದರು. ಹದಿನಾಲ್ಕು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತ ನನಗೆ ಒಂದು ಸುಳಿವೂ ಸಿಕ್ಕಿರಲಿಲ್ಲ.

2016ರ ದಸರೆ ಬಂತು. ಹಬ್ಬದ ಹಿಂದಿನ ದಿನ ನಮ್ಮ ಲೋಕಲುಗಳಲ್ಲಿ ಗಾಡಿಪೂಜೆ. ಡಬ್ಬಾಕ್ಕೆ ಚೆಂಡುಹೂವಿನ ತೋರಣ ಕಟ್ಟಿ, ಕಿಟಕಿಯ ಹತ್ತಿರ ದೇವಿಯ ಪಟ ಇಟ್ಟು, ಆರತಿ ಹಾಡಿ ಪೇಡೆ ಹಂಚುತ್ತೇವೆ. ಅಂದು ಗಾಡಿ ಠಾಣೆ ಸ್ಟೇಷನ್ ದಾಟುತ್ತಿದ್ದ ಹಾಗೆ ಸುಂದರಕ್ಕ ಚೀಲಕ್ಕೆ ಕೈಹಾಕಿದರು. ಕೆಂಪು ಪೆಟ್ಟಿಗೆ ದೇವಿಯ ಮುಂದೆ ಬಂತು, ಮುಚ್ಚಳ ತೆರೆಯಿತು. ಕುಂಕುಮದ ಬೆರಳು ರಿವಾಲ್ವರಿನ ಮೇಲೆ ಬಿತ್ತು.

"ಏನ್ರೀ ಇದು, ಮುಚ್ಚಿ ಮೊದಲು" ಅಂದೆ.

"ಗುಂಡು ಮನೆಯಲ್ಲಿ ಉಂಟು. ಇವ್ರ ಹೋಟ್ಲಿನಲ್ಲಿ ಇಡ್ಲಿ ಗ್ರೈಂಡರಿಗೂ ಪೂಜೆ ಆಗ್ತಿತ್ತು. ಪೂಜೆ ಮಾಡದ ಆಯುಧ ಕೈಗೆ ಒಗ್ಗುದಿಲ್ಲ" ಅಂದರು.

ಕಲ್ಯಾಣದಿಂದ ಬರುವ ಚಂಪಾ ಅಷ್ಟರಲ್ಲಿ ಫೋಟೊ ತೆಗೆದಾಗಿತ್ತು. ಅವಳದು ಕೆಟ್ಟ ಮನಸ್ಸಲ್ಲ, ಸುಮ್ಮನಿರದ ಬೆರಳು. ಸಂಜೆಯೊಳಗೆ ಆ ಫೋಟೊ ಊರೆಲ್ಲ ಸುತ್ತಿ ನಮ್ಮ ಸೊಸೈಟಿಯ ವಾಟ್ಸಾಪಿಗೇ ವಾಪಸು ಬಂತು. ದಸರೆಯ ದಿನ ಮಧ್ಯಾಹ್ನ ಪೊಲೀಸರೂ ಬಂದರು. ಜನರ ನಡುವೆ ಆಯುಧ ಪ್ರದರ್ಶಿಸಿದ್ದಕ್ಕೆ ನೋಟಿಸು ಕೊಟ್ಟು, ಕುಂಕುಮ ಹಚ್ಚಿದ ರಿವಾಲ್ವರನ್ನು ಪೆಟ್ಟಿಗೆ ಸಮೇತ ಒಯ್ದರು. ಕಲ್ಯಾಣದ ಕೋರ್ಟಿನಲ್ಲಿ ಸುಂದರಕ್ಕ ಸಾಕ್ಷಿ ಹೇಳಬೇಕಾದ ದಿನಕ್ಕೆ ಇನ್ನು ಎರಡೇ ದಿನವಿತ್ತು.

ಮಯೂರ್ ಸೋಫಾದ ತುದಿಯಲ್ಲಿ ಕೂತು ಹೇಳಿದ. "ಮಮ್ಮೀ, ಅಬ್ ತೋ ಛೋಡ್ ದೋ. ಕುಛ್ ಯಾದ್ ನಹೀಂ ಬೋಲ್ ದೋ. ಬಸ್."

ಸುಳ್ಳೇಕೆ ಹೇಳಲಿ, ನಾನೂ ಅದನ್ನೇ ಹೇಳಿದೆ. ನೆನಪಿಲ್ಲ ಅಂದುಬಿಡಿ ಸುಂದರಕ್ಕಾ, ಯಾರೂ ಏನೂ ಅಂದುಕೊಳ್ಳೋಲ್ಲ ಎಂದೆ.

ಅವರು ಸೀರೆಯ ಸೆರಗು ಮಡಚಿದರು. "ಅದು ಕಪಾಟಿನಲ್ಲಿ ಇದ್ದಾಗಲೂ ಹೆದರಿಕೆ ಇತ್ತು ನಳಿನಿ. ಈಗಲೂ ಉಂಟು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ" ಅಂದರು. ಸಾಕ್ಷಿಯ ಮಾತು ಮತ್ತೆ ಎತ್ತಲಿಲ್ಲ.

ಗುರುವಾರ ರಜೆ ಹಾಕಿ ಜೊತೆಗೆ ಹೋದೆ. ಎರಡನೇ ಬೆಂಚಿನಲ್ಲಿ ಆರೋಪಿಯ ಅಣ್ಣ ಇಬ್ಬರನ್ನು ಕೂರಿಸಿಕೊಂಡು ಕೂತಿದ್ದ. ಕಟಕಟೆಯಲ್ಲಿ ನೀರು ಕೊಟ್ಟರೆ ಸುಂದರಕ್ಕ ಅರ್ಧ ನೀರು ಸೀರೆಯ ಮೇಲೆ ಚೆಲ್ಲಿಕೊಂಡರು. ಮುಗಿಯಿತು ಇವರ ಕಥೆ ಅಂದುಕೊಂಡೆ.

ಆರೋಪಿಯ ವಕೀಲರು ಆ ಗಾಡಿಪೂಜೆಯ ಫೋಟೊವನ್ನೇ ಅಚ್ಚು ಹಾಕಿಸಿ ತಂದಿದ್ದರು. ಇದು ನಿಮ್ಮದೇ ತಾನೇ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಅಂದರು. "ನೀವು ಹುಟ್ಟಾ ಹೆದರುವವರು. ಎಷ್ಟು ಹೆದರಿಕೆ ಎಂದರೆ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವಷ್ಟು. ಅಂದು ಸೇತುವೆಯ ಮೇಲೂ ಹೆದರಿ ಕಂಗಾಲಾಗಿದ್ದಿರಿ. ಅಂಥ ಕಣ್ಣಿಗೆ ಯಾರ ಮುಖ ನೆಟ್ಟಗೆ ಕಂಡೀತು?"

ಪ್ರಶ್ನೆಯಲ್ಲಿ ಸುಳ್ಳಿರಲಿಲ್ಲ.

ಸುಂದರಕ್ಕ ಟೆಲಿಫೋನಿನಲ್ಲಿ ಮಾತಾಡುವ ಅದೇ ಮೆಲುದನಿಯಲ್ಲಿ, ತಮ್ಮ ಹರಕುಮುರುಕು ಮರಾಠಿಯಲ್ಲಿ ಹೇಳಿದರು: "ಹೌದು ಸಾಹೇಬರೇ, ತುಂಬಾ ಹೆದರಿಕೆ. ಕುಕ್ಕರಿಗೂ ಹೆದರುತ್ತೇನೆ, ಹಲ್ಲಿಗೂ ಹೆದರುತ್ತೇನೆ. ಐವತ್ತಾರು ವರ್ಷ ಹಾಗೇ ಬದುಕಿದೆ, ಬಂದೂಕು ತರಲಿಲ್ಲ. ಆ ಮನುಷ್ಯನ ಮುಖ ನೋಡಿದ ಮೇಲೆ ತಂದೆ. ನೋಡದೆ ಇದ್ದಿದ್ದರೆ ಯಾರಿಗೆ ಹೆದರಿ ತರಬೇಕಿತ್ತು?"

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಹದಿನಾಲ್ಕು ವರ್ಷ ನನ್ನ ಪಕ್ಕ ನಿಂತಿದ್ದ ಈ ಹೆಂಗಸನ್ನು ಆ ಗಳಿಗೆಯಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಅನ್ನಿಸಿತು. ಅವರ ಕಾಲ ಧೂಳಿಗೂ ನಾನು ಸಮವಲ್ಲ ಎಂದು ಯಾವ ನಾಚಿಕೆಯೂ ಇಲ್ಲದೆ ಬರೆಯುತ್ತಿದ್ದೇನೆ.

"ಆ ಮನುಷ್ಯ ಇಲ್ಲಿದ್ದಾನೆಯೇ?" ನ್ಯಾಯಾಧೀಶರು ಕೇಳಿದರು.

ಸುಂದರಕ್ಕ ಕೈ ಎತ್ತಿದರು. ಬೆರಳು ಗಡಗಡ ನಡುಗುತ್ತಿತ್ತು. ನಡುಗುತ್ತಲೇ ಅವನ ಕಡೆ ನಿಂತಿತು, ಅವನು ತಲೆ ತಗ್ಗಿಸುವ ತನಕ ಇಳಿಯಲಿಲ್ಲ.