ಕಾಂಗೋ ಅಂತಲೇ ಬರೀರಿ

ಮೊನ್ನೆ ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಆ ಎಣ್ಣೆಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನ್ಯಾಮತಿ ಶಾಲೆಯ ನಮ್ಮ ಡ್ರಿಲ್ ಮೇಷ್ಟ್ರು ಕಣ್ಣೆದುರು ಬಂದು ನಿಂತರು... ನೆಟ್ಟಗೆ, ಎದೆ ಸೆಟೆಸಿ.

ಎಪ್ಪತ್ತರ ದಶಕದ ಕೊನೆ. ನಾನು ಆ ಶಾಲೆಗೆ ಹೊಸ ಟೀಚರು. ಮೇಷ್ಟ್ರು ಸಾಸ್ವೆಹಳ್ಳಿ ಕಡೆಯವರು. ಮಿಲಿಟರಿಯಲ್ಲಿದ್ದಾಗ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಆಫ್ರಿಕಾದ ಕಾಂಗೋದಲ್ಲಿ ಶಾಂತಿ ಕಾಯಲು ಹೋಗಿ, ಅಲ್ಲಿ ಒಂದು ಕಿವಿ ಕಳೆದುಕೊಂಡು ಊರಿಗೆ ಬಂದವರು.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಸುತ್ತಲಿನ ಮಾಜಿ ಸೈನಿಕರ ಹೆಸರನ್ನು ಶಾಲೆಯ ಗೋಡೆಗೆ ಬರೆಸುವುದೆಂದಾಯಿತು. ಅಕ್ಷರ ದುಂಡಗಿದೆಯೆಂದು ಕುಂಚ ನನ್ನ ಕೈಗೆ ಬಂತು. ಚೀನಾ ಯುದ್ಧ, ಪಾಕಿಸ್ತಾನದ ಎರಡು ಯುದ್ಧ, ಹೀಗೆ ಮೂರೇ ತಲೆಬರಹ. ಮೇಷ್ಟ್ರು ಯಾವುದರಲ್ಲೂ ಸೇರಲಿಲ್ಲ.

ಹೆಡ್ಮಾಸ್ಟರು ಕೆಟ್ಟವರಲ್ಲ. "ಚೀನಾದ ಕೆಳಗೆ ಬರೆಸಿಬಿಡಾಣ ಬಿಡ್ರಿ ಮೇಷ್ಟ್ರೇ. ಅದೇ ವರ್ಷ ಅಲ್ವಾ? ಯಾರು ಬಂದು ಕೇಳ್ತಾರೆ?" ಎಂದರು.

"ಅಲ್ಲಿ ಸತ್ತೋರು ಕೇಳ್ತಾರೆ ಸಾರ್. ನಾನಿದ್ದದ್ದು ಕಾಂಗೋದಾಗೆ. ಕಾಂಗೋ ಅಂತಲೇ ಬರೀರಿ, ಇಲ್ಲಾಂದ್ರೆ ಬ್ಯಾಡ."

"ಅಲ್ರೀ, ಏನು ಗೆದ್ದು ಬಂದ್ರಿ ಅಂತ ಬರೆಸಾದು? ಹೋಗಿದ್ದು ಇನ್ನೊಬ್ಬರ ಮನೆ ಜಗಳ ಬಿಡಿಸಾಕೆ!"

ಗುಮಾಸ್ತರು ಕಿಸಕ್ಕನೆ ನಕ್ಕರು. ಮೇಷ್ಟ್ರು ನಗಲಿಲ್ಲ.

"ಅಲ್ಲಿ ನಮ್ಮ ಪಕ್ಕದ ಟೆಂಟಿನಾಗೆ ಐರ್ಲೆಂಡಿನೋರು ಇದ್ರು ಸಾರ್. ನಮ್ಮಂಗೇ ಬಿಳೀ ದೊರೆಗಳ ಕೈಯಾಗೆ ನವೆದ ಸಣ್ಣ ದೇಶ. ಕಾಂಗೋದಾಗೆ ಸತ್ತ ಅವರ ಹುಡುಗ್ರ ಹೆಣ ವಾಪಸ್ ಬಂದಾಗ ಊರಿಗೂರೇ ಬೀದೀಲಿ ನಿಂತಿತ್ತಂತೆ. ನಾವೂ ಲೋಕಕ್ಕೆ ಬೇಕಾದೋರು ಅಂತ ಅವತ್ತು ಅವರಿಗೆ ಗೊತ್ತಾತಂತೆ. ನಮಗ್ಯಾಕೆ ಬರೆಯಾಕೂ ನಾಚಿಕೆ?"

ಆ ವರ್ಷ ಬರೆಯಲಿಲ್ಲ. ಮೇಷ್ಟ್ರು ಮುನಿಸಿಕೊಳ್ಳಲೂ ಇಲ್ಲ. ಮಕ್ಕಳಿಂದ ಕವಾಯತು ಮಾಡಿಸಿದರು. ಮರುವರ್ಷ ಆಗಸ್ಟಿಗೆ ಮತ್ತೆ ಕೇಳಿದರು. ಅದರ ಮರುವರ್ಷವೂ... ನಾಲ್ಕನೆಯ ಸಲ ಹೆಡ್ಮಾಸ್ಟರೇ ನನ್ನನ್ನು ಕರೆದು, "ಬರೆದುಬಿಡಮ್ಮ, ಈ ಮನುಷ್ಯ ಬಿಡೋ ಪೈಕಿ ಅಲ್ಲ" ಎಂದರು.

ಕಾಂಗೋ ಎಂದು ತಲೆಬರಹ ಬರೆದೆ, ಕೆಳಗೆ ಅವರ ಹೆಸರು ಬರೆದೆ, ಚೆಂದ ಕಾಣಲೆಂದು ಸುತ್ತ ಕೆಂಪು ಗೆರೆ ಎಳೆದೆ. ಮೇಷ್ಟ್ರು ಬಂದು ಅಕ್ಷರಅಕ್ಷರವಾಗಿ ಓದಿದರು.

"ಟೀಚರಮ್ಮ, ಈ ಕೆಳಗಿನ ಗೆರೆ ಅಳಿಸ್ರಿ."

"ಯಾಕೆ ಮೇಷ್ಟ್ರೇ, ಸೊಟ್ಟ ಆತಾ?"

"ಸೊಟ್ಟ ಅಲ್ಲಮ್ಮ. ಮುಂದೆ ಹೋಗೋರು ಇರ್ತಾರೆ. ಜಾಗ ಇರ್ಲಿ."

ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ.

ನಾನು ಜಗಳೂರಿಗೆ ವರ್ಗವಾಗಿ ಹೋದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು, ಅದೂ ತಡವಾಗಿ. ಈಗ ಆ ಗೋಡೆಯನ್ನೂ ಕೆಡವಿದ್ದಾರೆ. ನಮ್ಮ ಸೈನಿಕರು ಯಾವುದೋ ದೇಶಕ್ಕೆ ಶಾಂತಿ ಕಾಯಲು ಹೊರಟರೆಂದು ಟೀವಿಯಲ್ಲಿ ಬಂದಾಗಲೆಲ್ಲ, ಓಡಿಹೋಗಿ ಮೇಷ್ಟ್ರಿಗೆ ಹೇಳಬೇಕೆನಿಸುತ್ತದೆ... ಟೀವಿಯ ಎದುರು ಎದ್ದು ನಿಂತು, ಮತ್ತೆ ಕೂರುತ್ತೇನೆ.