ನೀರು ಹುಯ್ಯದೆ ತೊಳೆದ ಕಾರು

ಭೀಮನಬೀಡಿನಲ್ಲಿ ದೊಡ್ಡಪ್ಪನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆಯೋ ಅದರ ಮಾರನೆಯದೋ, ಖಚಿತವಿಲ್ಲ. ಗುಂಡ್ಲುಪೇಟೆಯ ನಮ್ಮ ಮನೆಯ ಮುಂದೆ ಮಂಜು ಇನ್ನೂ ಕರಗಿರಲಿಲ್ಲ. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಕಾರು ತೊಳೆಯುವ ದ್ರಾವಣ ಒಂದು ಮುಚ್ಚಳ ಬೆರೆಸಿ ಕಾರು ಒರೆಸುತ್ತಿದ್ದೆ. ಅದರಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಒಣಬಟ್ಟೆ ಆಡಿಸಿದರೆ ಆಯಿತು. ಮೇಲೆ ನೀರು ಹುಯ್ಯಬೇಕಿಲ್ಲ. ಚಳಿಯಲ್ಲಿ ಪೈಪು ಬಿಟ್ಟರೆ ಸಂದುಗಳಲ್ಲಿ ನಿಂತ ನೀರು ಮಧ್ಯಾಹ್ನವಾದರೂ ಆರುವುದಿಲ್ಲ. ಎಡಬಾಗಿಲಿನ ಕೆಳಗೆ ಕಲ್ಲು ಸಿಡಿದು ತುಕ್ಕು ಹಿಡಿಯುತ್ತಿದ್ದ ಜಾಗವನ್ನು ತಗಡು ಕಾಣುವಂತೆ ಉಜ್ಜಿಟ್ಟಿದ್ದೆ. ಬಿಸಿಲೇರಿದ ಮೇಲೆ ಬಣ್ಣ ಹಚ್ಚಬೇಕು; ಅಲ್ಲಿ ಹನಿ ತೇವವೂ ಇರಬಾರದು.

ಬಟ್ಟೆಯಡಿ ಒಂದು ಮರಳಿನ ಕಣ ಉಳಿದರೂ ಗೀರು ಬೀಳುತ್ತದೆ. ಪ್ರತಿ ಸಲ ಎಳೆದಾಗಲೂ ಕಿವಿಗೊಟ್ಟು ಕೇಳುತ್ತಿದ್ದೆ. ತಂಗಿಗೆ ದಿನ ತುಂಬಿತ್ತು, ಯಾವ ಗಳಿಗೆಯಲ್ಲಾದರೂ ಇದೇ ಕಾರಿನಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಹೊರಡಬೇಕಿತ್ತು. ಅಂಥ ಹೊತ್ತಿನಲ್ಲಿ ಈ ಕೆಲಸ ಏಕೆ ಹಿಡಿದೆ? ಕೈ ಸುಮ್ಮನಿರಲು ಹೆದರಿತ್ತೇನೋ.

ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. "ನೀರೇ ಉಯ್ನಿಲ್ವಲ್ಲ?"

"ಬ್ಯಾಡ ಕಣವ್ವ. ಇದ್ರಲ್ಲಿ ಒರೆಸ್ದ್ರೆ ತೊಳ್ದಂಗೇಯ."

"ಒರ್ಸುದ್ರೆ ತೊಳ್ದಂಗಾಯ್ತಾ? ಸಾವಿನ್ ಮನೆಗ್ ಓಗ್ಬಂದಿರೋ ಕಾರು. ನೆತ್ತಿ ಮ್ಯಾಲೆ ನೀರು ಬೀಳ್ದೆ ನನ್ ಮಗಳ್ನ ಇದ್ರಲ್ಲಿ ಕೂರ್ಸಕಿಲ್ಲ."

ಕಿಟಕಿಯಿಂದ ತಂಗಿ ಇಣುಕಿದಳು. "ಸೀಮಂತ ನಂಗೋ ಕಾರ್ಗೋ ಅಣ್ಣಯ್ಯ? ನಂಗೂ ಇಷ್ಟ್ ಉಪಚಾರ ಆಗ್ನಿಲ್ಲ ಬುಡು."

"ನೀ ಒಳಿಕ್ಕೋಗಮ್ಮಿ, ಮಂಜು ಬೀಳ್ತದೆ," ಎಂದೆ.

ಅವ್ವ ನಗಲಿಲ್ಲ. ಮಣ್ಣು ಮಾಡಿ ಬಂದ ನಾವೆಲ್ಲ ಹಿತ್ತಲಲ್ಲೇ ತಲೆಗೆ ನೀರು ಹುಯ್ದುಕೊಂಡು ಒಳಗೆ ಕಾಲಿಟ್ಟಿದ್ದೆವು. ಕಾರು ಮಾತ್ರ ಹಾಗೇ ನಿಂತಿತ್ತು. ತಂಗಿಯ ಮೊದಲ ಬಸಿರು ನಿಂತಿರಲಿಲ್ಲ ಎಂಬುದನ್ನು ಅವ್ವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಪ್ಪಿದೆ. ಬರಿ ತಗಡಿಗೆ ಪ್ಲಾಸ್ಟಿಕ್ ಹೊದಿಸಿ ಸುತ್ತ ಟೇಪು ಅಂಟಿಸಿದೆ. ಚಳಿಗೆ ಅದು ಹಿಡಿಯುತ್ತಿರಲಿಲ್ಲ. ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿದೆ. ಅವ್ವ ಬಿಂದಿಗೆಯ ಅರಿಶಿನದ ನೀರನ್ನು ಕಾರಿನ ನೆತ್ತಿಗೆ ಸುರಿದಳು. ನೀರು ಇಳಿದು ಟೇಪಿನ ಅಂಚಿನಲ್ಲಿ ಕ್ಷಣ ತಡೆದು ಜಾರಿತು. ಒಳಗೆ ನುಸುಳಿತೇ? ಬಗ್ಗಿ ನೋಡುತ್ತಿದ್ದಾಗಲೇ ತಂಗಿ ಕೂಗಿದಳು. ಆಗಲೇ ಕೂಗಿದಳೋ, ಸ್ವಲ್ಪ ಹೊತ್ತಾದ ಮೇಲೋ. ನನ್ನ ನೆನಪು ಎರಡನ್ನೂ ಸೇರಿಸಿ ಹೊಲಿದುಬಿಟ್ಟಿದೆ.

ಆಸ್ಪತ್ರೆಗೆ ಹೊರಟೆವು. ತೆರಕಣಾಂಬಿ ದಾಟುವವರೆಗೂ ಮಂಜಿನಲ್ಲಿ ದಾರಿ ಸರಿಯಾಗಿ ಕಾಣಲಿಲ್ಲ.

"ಮೆತ್ತಗೋಡ್ಸ್ಲಾ," ಹಿಂದಿನ ಸೀಟಿನಿಂದ ಅವ್ವ.

"ಮೆತ್ತಗ್ ಬ್ಯಾಡ, ಬಿರ್ನೆ ಓಗು!" ತಂಗಿ ಹಲ್ಲು ಕಚ್ಚಿಕೊಂಡೇ ಗದರಿದಳು.

ಅವರಿಬ್ಬರೂ ಒಳಗೆ ಹೋದ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ನಾನೊಬ್ಬನೇ ಉಳಿದೆ. ಬಿಸಿಲು ಬಂದಿತ್ತು. ಟೇಪಿನ ತುದಿಗೆ ಉಗುರು ಕೊಟ್ಟವನು ಕೈ ಹಿಂತೆಗೆದೆ. ಅಡಿ ಒದ್ದೆಯಾಗಿದ್ದರೆ? ತಗಡಿನ ತೇವಕ್ಕೂ ಒಳಗಿನ ಹೆರಿಗೆಗೂ ನಂಟು ಕಟ್ಟುತ್ತಿದ್ದೇನೆಂದು ಗೊತ್ತಿತ್ತು. ಗೊತ್ತಿದ್ದೂ ಕೀಳಲಾಗಲಿಲ್ಲ.

ಕಡೆಗೆ ಅವ್ವ ಹೊರಗೆ ಬಂದಳು. "ಎಣ್ಮಗ ಕಣಪ್ಪ. ಇಬ್ರೂ ಚೆನ್ನಾಗವ್ರೆ."

ಆಮೇಲೆ ಕಿತ್ತೆ. ಅಡಿ ಒಣಗಿತ್ತೆಂದು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ನೋಡಿದೆನೇ ಎಂದರೆ ಆಣೆ ಮಾಡಲಾರೆ. ಅವ್ವ ಆಗಲೇ ತೋಳು ಹಿಡಿದು ಒಳಗೆಳೆಯುತ್ತಿದ್ದಳು.